ಗಾಬರಿ ಆಗ್ಬೇಡಿ, ಸೈಕಲ್ ಸಿಕ್ಕಿದೆ

ಸೈಕಲ್ ಹತ್ತಿದರೆ ಕೆಲವರಿಗೆ ಗಾಳಿ ಸಿಗುತ್ತದೆ, ಹಸಿರು ಸಿಗುತ್ತದೆ, ನೆಮ್ಮದಿ ಸಿಗುತ್ತದೆ. ನನಗೆ ಜನ ಸಿಗುತ್ತಾರೆ. ಐವತ್ತು ದಾಟಿದ ಕಾಲೇಜು ಮೇಷ್ಟ್ರೊಬ್ಬ ಹೆಲ್ಮೆಟ್ ಹಾಕಿಕೊಂಡು ಗೇರ್ ಸೈಕಲ್ ಮೇಲೆ ಶಿವಮೊಗ್ಗ ಬಿಟ್ಟು ಹೊರಟರೆ, ಏನಾದರೊಂದು ಆಗದೆ ಮನೆ ಸೇರುವ ಹಾಗೇ ಇಲ್ಲ.

ಈ ಹುಚ್ಚು ಹತ್ತಿದ್ದು ಮೊಬೈಲಿನಿಂದ. ಇಂಗ್ಲೆಂಡಿನ ಹಳ್ಳಿದಾರಿಗಳಲ್ಲಿ ಸೈಕಲ್ ಪ್ರವಾಸ ಹೋಗುವವರ ವಿಡಿಯೊಗಳನ್ನು ನೋಡತೊಡಗಿದೆ. ಒಂದು ದಾರಿಯಲ್ಲಿ ಗುಡ್ಡ, ಕುರಿ, ಕಲ್ಲಿನ ಬೇಲಿ. ಇನ್ನೊಂದರಲ್ಲಿ ಕಾಲುವೆ ಪಕ್ಕದ ಸಪಾಟು ಹಾದಿ. ಮತ್ತೊಂದು ಕಾಡಿನೊಳಗೆ. ಎದುರು ಸಿಕ್ಕವರು ಒಂದು ಬೆರಳು ಎತ್ತಿ ತಮ್ಮ ಪಾಡಿಗೆ ಹೋಗುತ್ತಾರೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ! ನಮಗೇನು ಕಡಿಮೆ ಅಂದುಕೊಂಡೆ. ಕಾಡಿಗೆ ಸಕ್ರೆಬೈಲು, ಕಾಲುವೆಗೆ ಭದ್ರಾವತಿ, ಗದ್ದೆ ಬಯಲಿಗೆ ಹೊಳೆಹೊನ್ನೂರು. ಕುರಿಗಳಂತೂ ಎಲ್ಲ ಕಡೆಯೂ ಇವೆ.

ನಾನು ಹುಟ್ಟಾ ಪುಕ್ಕಲ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಅಂತ ಬಸ್ಸಿನಿಂದ ಇಳಿದು ವಾಪಸ್ ಬಂದವನು. ಅಂಥವನು ಸೈಕಲ್ ತಂದದ್ದು ನೋಡಿ ಹೆಂಡತಿ ಒಂದೇ ಷರತ್ತು ಹಾಕಿದಳು: "ಹೋಗಿ, ಬೇಡ ಅನ್ನಲ್ಲ. ಆದ್ರೆ ನಿಮಗೆ ಹಂಗಾಯ್ತು ಹಿಂಗಾಯ್ತು ಅಂತ ಯಾರಾದ್ರೂ ನಂಗೆ ಫೋನ್ ಮಾಡಿದ್ರೋ, ಅವತ್ತೇ ಸೈಕಲ್ ಗುಜರಿಗೆ." ಇಷ್ಟು ಹೇಳಿ, ತನ್ನ ಫೋನ್ ನಂಬರನ್ನು ದಪ್ಪಗೆ ಬರೆದು ಸೈಕಲ್ಲಿಗೆ ಅಂಟಿಸಿದಳು. ಫೋನ್ ಬರಬಾರದು ಅನ್ನುವವಳು ನಂಬರ್ ಯಾಕೆ ಅಂಟಿಸಿದಳು ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಅಂದಿನಿಂದ ನನ್ನ ಹೆದರಿಕೆ ಲಾರಿಯದ್ದಲ್ಲ, ಗುಂಡಿಯದ್ದಲ್ಲ, ಆ ಫೋನಿನದ್ದು.

೧. ಎಲ್ಲಿಗೆ?

ಮೊದಲ ಭಾನುವಾರ ದುರ್ಗಿಗುಡಿಯ ನಮ್ಮ ಬೀದಿ ದಾಟುವ ಮುಂಚೆಯೇ ದಿನಸಿ ಅಂಗಡಿಯವರು ತಡೆದರು.

"ಎಲ್ಲಿಗೆ ಸಾರ್?"

"ಎಲ್ಲಿಗೂ ಇಲ್ಲ. ಗಾಜನೂರು ಕಡೆ ಹೋಗಿ ವಾಪಸ್ ಬರ್ತೀನಿ."

"ಅಲ್ಲಿ ಯಾರಿದಾರೆ?"

"ಯಾರೂ ಇಲ್ಲ."

"ಏನ್ ಕೆಲ್ಸ ಮತ್ತೆ?"

"ಕೆಲ್ಸ ಏನಿಲ್ಲ, ಸುಮ್ನೆ."

ಅವರು ನನ್ನನ್ನೂ ಸೈಕಲ್ಲನ್ನೂ ನೋಡಿದರು. "ಸ್ಕೂಟರ್ ಏನಾಯ್ತು?" ಮನೇಲಿದೆ ಅಂದೆ. "ಕಾರು?" ಅದೂ ಇದೆ ಅಂದೆ. ಅವರು ಹತ್ತಿರ ಬಂದು ಧ್ವನಿ ತಗ್ಗಿಸಿದರು. "ಲೈಸೆನ್ಸ್ ಕಿತ್ಕೊಂಡ್ರಾ ಸಾರ್?"

ಮಾರನೆಯ ದಿನ ಕಾಲೇಜಿನಲ್ಲಿ ಸಹೋದ್ಯೋಗಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಕುಡಿಯೋದು ತಪ್ಪು ಅಂತ ನಾನು ಹೇಳಲ್ಲ ಮಾರಾಯ. ಕುಡಿದು ಗಾಡಿ ಓಡಿಸ್ಬಾರ್ದು, ಅಷ್ಟೆ." ನಾನು ಶುಂಠಿ ಕಷಾಯಕ್ಕಿಂತ ಜೋರಾದದ್ದನ್ನು ಕುಡಿದವನೇ ಅಲ್ಲ.

ಇದನ್ನು ಹೀಗೇ ಬಿಟ್ಟರೆ ಕೆಟ್ಟೆ ಅಂತ ಅನ್ನಿಸಿ, ಅಂದಿನಿಂದ ಯಾರು ಕೇಳಿದರೂ "ಡಾಕ್ಟ್ರು ಹೇಳಿದಾರೆ" ಅನ್ನತೊಡಗಿದೆ. ಒಳ್ಳೆ ಉಪಾಯ. ಎಲ್ಲರೂ ತಕ್ಷಣ ಒಪ್ಪಿಕೊಂಡರು. ಅಂಗಡಿಯವರಂತೂ ನನ್ನನ್ನು ಕಂಡರೆ ಎದ್ದು ನಿಲ್ಲುವಷ್ಟು ಮೆತ್ತಗಾದರು. ವಾರ ಕಳೆದ ಮೇಲೆ ಹೆಂಡತಿ ಬೇಳೆ ತರಲು ಹೋದಾಗ, ದುಡ್ಡು ತೆಗೆದುಕೊಳ್ಳದೆ ಕಣ್ಣು ಒರೆಸಿಕೊಂಡು ಕೇಳಿದರಂತೆ: "ಡಾಕ್ಟ್ರು ಎಷ್ಟು ಟೈಮ್ ಕೊಟ್ಟಿದಾರಮ್ಮಾ?"

೨. ಹಿಂದಿನಿಂದ ಬಂದದ್ದು

ಸಕ್ರೆಬೈಲು ದಾರಿಯಲ್ಲಿ ತಿರುವಿನ ಹತ್ತಿರ ಆನೆ ಲದ್ದಿ ಬಿದ್ದಿತ್ತು. ಹಸಿ ಲದ್ದಿ. ಇದು ಅಲ್ಲಿನ ಆನೆ ಬಿಡಾರದಲ್ಲಿ ಸಾಕಿದ ಆನೆಯದ್ದೋ ಕಾಡಾನೆಯದ್ದೋ? ಲದ್ದಿ ನೋಡಿ ಹೇಳುವ ವಿದ್ಯೆ ನನಗೆ ತಿಳಿಯದು. ಮುಂದೆ ಹೋಗಲು ಭಯ, ಹಿಂದೆ ಹೋಗಲು ಮರ್ಯಾದೆ. ಸೈಕಲ್ ನಿಲ್ಲಿಸಿ ರಸ್ತೆ ನಡುವೆ ನಿಂತೆ.

ಒಂದು ಕಾರು ಬಂತು. ಪಾಪ, ಅವರಿಗೂ ಗೊತ್ತಿರಲಿ ಅಂತ ಕೈ ಅಡ್ಡ ಹಿಡಿದೆ. ಹಿಂದೆ ಇನ್ನೊಂದು ಕಾರು, ಅದರ ಹಿಂದೆ ತೀರ್ಥಹಳ್ಳಿ ಬಸ್ಸು. ಕತ್ತಲಲ್ಲೂ ಕಾಣಲಿ ಅಂತ ನಾನು ಹೊಳೆಯುವ ಹಳದಿ ಜಾಕೆಟ್ ಹಾಕಿದ್ದೆ, ತಲೆಗೆ ಹೆಲ್ಮೆಟ್, ಕೊರಳಲ್ಲಿ ಸೀಟಿ. ಕಂಡಕ್ಟರು ಇಳಿದು ಬಂದು ಕೈಕಟ್ಟಿ ನಿಂತರು. "ಎಷ್ಟೊತ್ತಾಗುತ್ತೆ ಸಾಹೇಬ್ರೆ?" ನಾನು ಸಾಹೇಬನಲ್ಲ ಅನ್ನಬೇಕಿತ್ತು. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು, "ಸ್ವಲ್ಪ ತಡೀರಿ." ಎಲ್ಲರೂ ತಡೆದರು. ಎಂಜಿನ್ ಆರಿಸಿದರು. ಫೋಟೋ ತೆಗೆದರು.

ಸ್ವಲ್ಪ ಹೊತ್ತಿಗೆ ನನ್ನ ಬೆನ್ನ ಹಿಂದೆ, ಬಹಳ ಎತ್ತರದಿಂದ, ಯಾರೋ ಕೇಳಿದರು: "ಯಾಕೆ ಎಲ್ರೂ ನಿಂತಿದೀರಾ?"

"ಮುಂದೆ ಆನೆ ಇದೆ," ಅಂದೆ, ತಿರುಗದೆ.

"ಆನೆ ಇಲ್ಲೇ ಇದೆ ಸಾರ್. ಸ್ವಲ್ಪ ದಾರಿ ಬಿಟ್ರೆ ಬಿಡಾರಕ್ಕೆ ಹೋಗುತ್ತೆ."

ಮಾವುತ ಮೇಲೆ ಕೂತಿದ್ದ. ನಾನು ದಾರಿ ಬಿಟ್ಟ ರಭಸಕ್ಕೆ ಚರಂಡಿಯಲ್ಲಿದ್ದೆ. ಸಂಜೆಯೊಳಗೆ ಆ ಫೋಟೋ ಹೆಂಡತಿಯ ಮೊಬೈಲಿಗೂ ಬಂತು. ಅವಳು ಅದನ್ನು ದೊಡ್ಡದು ಮಾಡಿ ನೋಡಿ ಹೇಳಿದಳು: "ಫೋನ್ ಬಂದಿಲ್ಲ, ಫೋಟೋ ಬಂದಿದೆ. ಬಚಾವಾದ್ರಿ."

೩. ನಾಲೆಯ ದಂಡೆ

ಭದ್ರಾವತಿ ಹತ್ತಿರದ ನಾಲೆ ಏರಿ ಥೇಟ್ ವಿಡಿಯೊದಲ್ಲಿ ಕಂಡ ಕಾಲುವೆ ಹಾದಿ. ಬಿಸಿಲು ಏರಿತ್ತು. ಕಾಲು ನೀರಲ್ಲಿ ಇಳಿಬಿಡೋಣ ಅನ್ನಿಸಿತು. ನಾನು ಅಂಜುಬುರುಕ ಅಂದೆನಲ್ಲ, ನೀರಿಗೆ ಏನೂ ಬೀಳಬಾರದು ಅಂತ ಷೂ ಬಿಚ್ಚಿ ಜೋಡಿಸಿಟ್ಟೆ. ಹೆಲ್ಮೆಟ್ ತೆಗೆದು ಅದರೊಳಗೆ ಕನ್ನಡಕ, ವಾಚು, ಮೊಬೈಲು ಇಟ್ಟೆ. ಸೈಕಲ್ಲನ್ನು ಪಕ್ಕದಲ್ಲಿ ಒರಗಿಸಿ, ತುಸು ದೂರದ ಮೆಟ್ಟಿಲು ಇಳಿದು ಪೊದೆಯ ಮರೆಯಲ್ಲಿ ನೆರಳು ನೋಡಿ ಕೂತೆ. ತಣ್ಣನೆಯ ನೀರಿಗೆ ಕಣ್ಣು ಎಳೆದುಕೊಂಡು ಹೋಯಿತು.

ಎಚ್ಚರಾದಾಗ ಮೇಲೆ ಗದ್ದಲ. ಕನ್ನಡಕವಿಲ್ಲದೆ ನನಗೆ ಎರಡು ಮಾರು ಆಚೆಗಿನದ್ದು ಬರೀ ಮಬ್ಬು. ಆ ಮಬ್ಬಿನಲ್ಲೇ ಏರಿಯ ತುಂಬ ಜನ, ಎಲ್ಲರೂ ನೀರಿನ ಕಡೆ ಬಗ್ಗಿದ್ದಾರೆ. ಒಬ್ಬರು ಉದ್ದನೆಯ ಗಳ ಹಿಡಿದು ಕೆದಕುತ್ತಿದ್ದಾರೆ. ಹತ್ತಿ ಬಂದು ಕೇಳಿದೆ:

"ಏನಾಯ್ತು?"

"ಯಾರೋ ಮೇಷ್ಟ್ರಂತೆ ಸಾರ್. ಷೂ, ಕನ್ನಡಕ ಎಲ್ಲ ನೀಟಾಗಿ ಇಟ್ಟು ಹಾರಿದಾರೆ."

"ಛೆ ಛೆ! ಮನೇಲಿ ಏನ್ ಕಷ್ಟನೋ," ಅಂದೆ.

ಕಣ್ಣಿಗೆ ಏನೂ ಕಾಣದಿದ್ದರೂ ಸುಮ್ಮನೆ ನಿಲ್ಲಲು ಮನಸ್ಸಾಗದೆ, ನಾನೂ ಬಗ್ಗಿ ನೀರಿನಲ್ಲಿ ಹುಡುಕತೊಡಗಿದೆ. ಪಕ್ಕದಲ್ಲಿ ಒಬ್ಬರು ಫೋನಿನಲ್ಲಿ ಕೂಗುತ್ತಿದ್ದರು: "ಗಾಬರಿ ಆಗ್ಬೇಡಿ ಅಕ್ಕಾ, ಸೈಕಲ್ ಸಿಕ್ಕಿದೆ! ಅವ್ರನ್ನ ಹುಡುಕ್ತಿದೀವಿ!"

ಸ್ಪೀಕರಿನಲ್ಲಿ ಒಂದು ಹೆಂಗಸಿನ ಧ್ವನಿ ಬಂತು: "ಕನ್ನಡಕ ಅಲ್ಲೇ ಇದ್ಯಾ? ಹಾಗಾದ್ರೆ ಅಲ್ಲೇ ಎಲ್ಲೋ ಇರ್ತಾರೆ. ಅಕ್ಕಪಕ್ಕ ಬರಿಗಾಲಲ್ಲಿ ಪೆದ್ದುಪೆದ್ದಾಗಿ ನಿಂತಿರೋರು ಯಾರಾದ್ರೂ ಇದಾರಾ ನೋಡಿ."

ಧ್ವನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಅಂದುಕೊಳ್ಳುವಷ್ಟರಲ್ಲಿ ಎಲ್ಲರೂ ನನ್ನ ಕಾಲು ನೋಡುತ್ತಿದ್ದರು.

೪. ಹೊಳೆಹೊನ್ನೂರಿನ ಸುದ್ದಿ

ಮನೆಯಲ್ಲಿ ತೀರ್ಪು ಬಂತು. "ನಿಮಗೇನೂ ಆಗಿಲ್ಲ ಅಂತ ಇದೊಂದು ಸಲ ಬಿಟ್ಟಿದೀನಿ. ಇನ್ನೊಂದೇ ಒಂದು ಫೋನ್ ಬರ್ಲಿ."

ಹೊಳೆಹೊನ್ನೂರಿಗೆ ಹೊರಟಾಗ ನನ್ನ ಜೀವ ಆ ಇನ್ನೊಂದು ಫೋನಿನಲ್ಲೇ ಇತ್ತು. ಬೆಳಕು ಹರಿಯುವ ಮುಂಚೆ ಹೊರಟೆ. ಎಲ್ಲೂ ನಿಲ್ಲಬಾರದು, ನಿಂತರೆ ಯಾರಾದರೂ ನಂಬರ್ ಓದುತ್ತಾರೆ ಅಂತ ಒಂದೇ ಸಮನೆ ತುಳಿದೆ. ಊರು ಮುಟ್ಟುವ ಹೊತ್ತಿಗೆ ಬಾಟಲಿಯಲ್ಲಿ ನೀರಿಲ್ಲ, ಎದೆ ಡವಗುಟ್ಟುತ್ತಿದೆ, ಕಣ್ಣು ಕತ್ತಲೆ. ರಸ್ತೆ ಬದಿ ಕೂತರೆ ಮುಗಿಯಿತು. ಆಗ ಹೊಳೆಯಿತು, ಹೆಂಡತಿಯ ದೊಡ್ಡಮ್ಮನ ಮನೆ ಇಲ್ಲೇ ಇದೆ. ಸ್ವಂತದವರು. ಅಲ್ಲಿಂದ ಯಾರು ಫೋನ್ ಮಾಡುತ್ತಾರೆ!

ಆ ಕಡೆ ಹಳಬರಲ್ಲಿ ಒಂದು ವಾಡಿಕೆ ಇತ್ತು. ಯಾರಾದರೂ ತೀರಿಕೊಂಡರೆ ನೆಂಟರ ಊರಿಗೆ ಬೆಳಗಾಗುವುದರೊಳಗೆ ಸೈಕಲ್ ಮೇಲೆ ಒಬ್ಬನನ್ನು ಅಟ್ಟುತ್ತಿದ್ದರು. ಬಂದವನು ಒಳಗೆ ಕಾಲಿಡುತ್ತಿರಲಿಲ್ಲ. ಬಾಗಿಲಾಚೆಯೇ ನಿಂತು ಸುದ್ದಿ ಹೇಳಿ ಮುಂದಿನ ಊರಿಗೆ ಹೋಗುತ್ತಿದ್ದ. ಎಂಬತ್ತು ದಾಟಿದ ದೊಡ್ಡಮ್ಮ ಅಂಗಳ ಗುಡಿಸುತ್ತಿದ್ದರು. ತಲೆ ಎತ್ತಿದರೆ, ಗೇಟಿನ ಬಳಿ ಸೈಕಲ್ ಹಿಡಿದು ಅಳಿಯ ನಿಂತಿದ್ದಾನೆ.

"ಒಳಗ್ ಬನ್ನಿ ಅಳಿಯಂದ್ರೇ," ಅಂದರು.

ಷೂ ತುಂಬ ಕೆಸರು. ಬೇಡ ಅಂತ ತಲೆ ಆಡಿಸಿದೆ. ಮಾತು ಹೊರಡಲಿಲ್ಲ. ಬೆವರು ಕಣ್ಣಿಗೆ ಇಳಿದು ಉರಿಯುತ್ತಿತ್ತು, ಟವೆಲಿನಿಂದ ಒರೆಸಿಕೊಂಡೆ. ದೊಡ್ಡಮ್ಮನ ಕೈಯಿಂದ ಪೊರಕೆ ಬಿತ್ತು. "ಅಯ್ಯೋ! ನನ್ ತಂಗಿ ಹೋದ್ಲಾ?"

ತಂಗಿ ಅಂದರೆ ಭದ್ರಾವತಿಯಲ್ಲಿ ಮಗನ ಜೊತೆ ಇರುವ ನನ್ನ ಅತ್ತೆ. ಅಲ್ಲ ಅನ್ನಲು ಬಾಯಿ ತೆರೆದೆ, ಬರೀ ಉಸಿರು ಬಂತು. ದೊಡ್ಡಮ್ಮ ಎದೆ ಬಡಿದುಕೊಂಡು ಬಚ್ಚಲಿಗೆ ಹೋಗಿ ತಲೆ ಮೇಲೆ ಸೂತಕದ ತಣ್ಣೀರು ಸುರಿದುಕೊಂಡರು. ಅವರ ಮಗ ಅಳುತ್ತಲೇ ಒಂದರ ಹಿಂದೊಂದು ಫೋನ್ ಹಚ್ಚಿದ. ಭದ್ರಾವತಿಗೆ ಮಾಡಿದಾಗ ಎತ್ತಿದ್ದು ನನ್ನ ಅತ್ತೆಯೇ. "ಚಿಕ್ಕಮ್ಮ ಹೋಗ್ಬಿಟ್ರು" ಅಂತ ಇವನು ಅತ್ತ. "ಅಯ್ಯೋ ಪಾಪ, ಯಾವ ಚಿಕ್ಕಮ್ಮ?" ಅಂತ ಅವರೂ ಅತ್ತರು. ಉತ್ತರ ಬರುವ ಮುಂಚೆ ಫೋನ್ ಕಟ್ಟಾಯಿತು.

ಯಾರೋ ಕೊಟ್ಟ ನೀರು ಕುಡಿದು, "ಯಾರೂ ಸತ್ತಿಲ್ಲ, ನೀರು ಕೇಳಕ್ಕೆ ಬಂದೆ" ಅಂತ ನಾನು ಹೇಳುವ ಹೊತ್ತಿಗೆ ಮೂರು ಊರುಗಳಿಂದ ಕಾರುಗಳು ಹೊರಟಾಗಿತ್ತು. ದೊಡ್ಡಮ್ಮ ಒದ್ದೆ ತಲೆಯಲ್ಲಿ ನಡುಗುತ್ತಾ ಕೇಳಿದರು: "ನೀರು ಹಾಕ್ಕೊಂಡಾದ್ಮೇಲೆ ಹೇಳ್ತೀರಲ್ಲ!"

ಮೊದಲು ಬಂದದ್ದು ನನ್ನ ಅತ್ತೆ, ಮಗನ ಜೊತೆ, ಕೈಯಲ್ಲಿ ದೊಡ್ಡ ಹೂವಿನ ಹಾರ ಹಿಡಿದು. ಭದ್ರಾವತಿಗೆ ಹೋದವರೂ ಮನೆಗೆ ಬೀಗ ಕಂಡು ಇಲ್ಲಿಗೇ ತಿರುಗಿದರು. ಕೊನೆಗೆ ಬಂದವಳು ನನ್ನ ಹೆಂಡತಿ. ಅತ್ತು ಕಣ್ಣು ಊದಿತ್ತು. ಅಮ್ಮನನ್ನು ನೋಡಿದಳು, ಹಾರ ನೋಡಿದಳು, ನನ್ನನ್ನು ನೋಡಿದಳು. "ಫೋನ್ ಬಂತು" ಅಂದಳು, ಅಷ್ಟೇ. ತಮ್ಮನ ಕಡೆ ತಿರುಗಿ, "ಸೈಕಲ್ ಗಾಡಿಗೆ ಹಾಕು. ಸೀದಾ ಗುಜರಿ" ಅಂದಳು. ಅವನು ಎತ್ತಿಯೂ ಬಿಟ್ಟ. ನನಗೆ ಅಳು ಬಂತು.

"ಕೆಳಗಿಡೋ ಅದನ್ನ!" ಅಂದರು ದೊಡ್ಡಮ್ಮ. ತುಂಬಿದ ಅಂಗಳವನ್ನು ಒಂದು ಸುತ್ತು ನೋಡಿದರು. "ಹಬ್ಬಕ್ಕೆ ಕರೆದೆ, ಮರಿಮೊಮ್ಮಗನ ನಾಮಕರಣಕ್ಕೆ ಕರೆದೆ. ಎಲ್ರೂ ಮೊಬೈಲಲ್ಲಿ ಕೈ ಮುಗಿಯೋ ಬೊಂಬೆ ಕಳ್ಸಿದ್ರಿ. ಇವತ್ತು ಒಬ್ರಾದ್ರೂ ತಪ್ಪಿಸ್ಕೊಂಡ್ರಾ? ನಾಳೆ ನಾನು ಹೋದ್ರೆ ಯಾರಿಗೂ ಫೋನ್ ಮಾಡ್ಬೇಡಿ. ಈ ಅಳಿಯಂದ್ರನ್ನ ಸೈಕಲ್ ಮೇಲೆ ಕಳಿಸಿ. ಬಾಯಿ ಬಿಡೋದೇ ಬೇಡ, ಆ ಮುಖ ಒಂದೇ ಸಾಕು."

ಮೊದಲು ನಕ್ಕದ್ದು ಅತ್ತೆ. ಆಮೇಲೆ ಹೆಂಡತಿ ಜಗಲಿ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಡೆಗೆ ಆಜ್ಞೆಯಾಯಿತು: "ಆಯ್ತು, ದೊಡ್ಡಮ್ಮ ಇರೋ ತನಕ ಸೈಕಲ್ ಇರ್ಲಿ. ಅವರ ಸುದ್ದಿ ಹೇಳಿ ಬಂದ ದಿನವೇ ಗುಜರಿಗೆ."

ಈಗ ನಾನು ದಿನಾ ಬೆಳಿಗ್ಗೆ ಹೊಳೆಹೊನ್ನೂರಿಗೆ ಫೋನ್ ಮಾಡಿ, ಬಿಪಿ ಮಾತ್ರೆ ತಗೊಂಡ್ರಾ, ಬಿಸಿನೀರು ಕುಡಿದ್ರಾ ಅಂತ ವಿಚಾರಿಸುತ್ತೇನೆ. ಇಂಥ ಅಳಿಯ ಎಲ್ಲೂ ಇಲ್ಲ ಅಂತ ಆ ಊರಲ್ಲೆಲ್ಲ ಮಾತಂತೆ. ಮೊನ್ನೆ ದೊಡ್ಡಮ್ಮ ಫೋನಿನಲ್ಲಿ ಎರಡು ಸಲ ಕೆಮ್ಮಿದರು. ಅವರು ಮತ್ತೆ ಮಲಗಿ ಚೆನ್ನಾಗಿ ನಿದ್ದೆ ಮಾಡಿದರಂತೆ. ಅವರ ಕೆಮ್ಮಿಗೆ ಡಾಕ್ಟರ ಹತ್ತಿರ ಓಡಿದವನು ನಾನು.