ಎಡ ಹೆಗಲಿಗೆ ಬಂದ ಬಂದೂಕು

ದೇವರು ಮನುಷ್ಯನಿಗೆ ಎರಡೆರಡು ಕಣ್ಣು ಕೊಟ್ಟಿದ್ದು ದುಂದುವೆಚ್ಚ ಎಂದು ವಾದಿಸುವವರನ್ನು ನೀವು ಕಂಡಿದ್ದೀರಾ? ನಮ್ಮ ಕಾಕಾ ಇದ್ದರು! ಹುಬ್ಬಳ್ಳಿಯಿಂದ ಬಂದು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಒಬ್ಬರೇ ನೆಲೆಸಿದವರು. ಮದುವೆ ಯಾಕಾಗಲಿಲ್ಲ ಎಂದರೆ, ರಜೆಯೆಲ್ಲ ಜಿಂಕೆ ಬೇಟೆಗೇ ಸಾಲುವುದಿಲ್ಲ ಎನ್ನುತ್ತಿದ್ದರು. ಅಲ್ಲಿನ ಬೆಟ್ಟಗಳಲ್ಲಿ ಲೈಸೆನ್ಸ್ ಇದ್ದವರು ಬೇಟೆಯಾಡಬಹುದು. ಸಿಗುವುದೂ ನಮ್ಮ ಕಡವೆಯೇ. ಹಿಂದೆ ಯಾರೋ ಹಡಗಿನಲ್ಲಿ ತಂದು ಬಿಟ್ಟಿದ್ದಂತೆ. ನಮಗಿಂತ ಮೊದಲೇ ಅವಕ್ಕೆ ಇಲ್ಲಿ ಕಾಯಂ ನೆಲೆಸುವ ಪಿಆರ್ ಸಿಕ್ಕಿದೆ ಎಂಬುದು ಕಾಕಾನ ಹೊಟ್ಟೆಕಿಚ್ಚು.

ಒಂದು ಬೆಳಿಗ್ಗೆ ಅವರ ಬಲಗಣ್ಣಿಗೆ ಕಪ್ಪು ಪರದೆ ಇಳಿಯಿತು. ಆಪರೇಷನ್ ಆಯಿತು, ನೋಟ ಮರಳಲಿಲ್ಲ. ಸಿಡ್ನಿಯಿಂದ ನಾನು ಅಳುತ್ತಾ ಫೋನ್ ಮಾಡಿದರೆ ಅವರೇ ನನ್ನನ್ನು ಸಮಾಧಾನ ಮಾಡಿದರು. "ಗುರಿ ಹಿಡಿಯೂದು ಒಂದ ಕಣ್ಣಿಲೇ ಅಲ್ಲೇನವಾ?"

ಮಾತೇನೋ ಸರಿ. ಆದರೆ ಇಷ್ಟು ವರ್ಷ ಗುರಿ ಹಿಡಿದದ್ದು ಹೋದ ಕಣ್ಣೇ! ಬಂದೂಕು ಈಗ ಎಡ ಹೆಗಲಿಗೆ ಬರಬೇಕಿತ್ತು. ಕಾಕಾ ಕಸಬರಿಗೆಯನ್ನು ಎಡ ಹೆಗಲಿಗಾನಿಸಿ ಮನೆ ತುಂಬಾ ಓಡಾಡಿದರು. ಕಿಟಕಿಯಿಂದ ನೋಡಿದ ಪಕ್ಕದ ಮನೆಯಾಕೆ ಜೇಡ ಕೊಲ್ಲುವ ಸ್ಪ್ರೇ ತಂದುಕೊಟ್ಟಳಂತೆ. ಬಗ್ಗಿಸಿದ ಚಹಾ ಕಪ್ಪಿನ ಪಕ್ಕಕ್ಕೇ ಬೀಳುತ್ತಿತ್ತು. ಗುಂಡು ಹಾರಿಸುವ ಮೈದಾನದಲ್ಲಂತೂ ಕಾಕಾನ ಗುಂಡುಗಳೆಲ್ಲ ಪಕ್ಕದವನ ಗುರಿಹಲಗೆಗೆ ನಾಟಿದವು. ಆತ ತನ್ನದೇ ಎಂದು ಹಿಗ್ಗಿದ. ಕಾಕಾ ಅಭಿನಂದಿಸಿ ಬಂದರು.

ಜೊತೆಗೆ ಬೇಟೆಗೆ ಹೋಗುತ್ತಿದ್ದ ಇಬ್ಬರು ಗೆಳೆಯರು ಮೊದಮೊದಲು ಮುಂದಿನ ಸಲ ನೋಡೋಣ ಎಂದರು. ಆಮೇಲೆ ಫೋನ್ ಮಾಡುವುದನ್ನೇ ಬಿಟ್ಟರು. ಕಾಕಾ ಅದನ್ನು ಹೇಳಲಿಲ್ಲ. ಭಾನುವಾರ ಫೋನ್ ಮಾಡಿದಾಗಲೆಲ್ಲ ಮನೆಯಲ್ಲೇ ಸಿಗತೊಡಗಿದ್ದರಿಂದ ನನಗೇ ತಿಳಿಯಿತು.

ಆ ಚಳಿಗಾಲ ನಾರ್ತ್ ಸಿಡ್ನಿಯ ಆಫೀಸಿಗೆ ರಜೆ ಹಾಕಿ ಕಾಕಾನ ಜೊತೆ ಬೇಟೆಗೆ ಹೋದೆ, ಪಟಾಕಿಗೂ ಕಿವಿ ಮುಚ್ಚುವ ನಾನು! ದಾರಿಯಲ್ಲಿ ಕಾಕಾ ಮೆಲ್ಲಗೆ ಹೇಳಿದರು: "ಬರೇ ಗಾಯ ಮಾಡಿ ಓಡಿಸಿದ್ನೆಂದ್ರ, ಬಂದೂಕು ಮಾರಿಬಿಡತೀನಿ."

ಹಳ್ಳದ ಬಳಿ ಕಡವೆ ಕಂಡಿತು. ಒಂದೇ ಕಣ್ಣಿಗೆ ದೂರದ ಅಂದಾಜು ಸಿಗುವುದಿಲ್ಲ. ಎಷ್ಟು ದೂರವಿದೆಯೆಂದು ನನ್ನನ್ನು ಪಿಸುಗುಟ್ಟಿ ಕೇಳಿದರು. ಸಿಡ್ನಿಯಲ್ಲಿ ನಮ್ಮ ಪೆಂಡಲ್ ಹಿಲ್ ರೈಲು ಸ್ಟೇಷನ್ನಿನಿಂದ ದಿನಸಿ ಅಂಗಡಿಯಷ್ಟು ಎಂದೆ. ನನಗೆ ಗೊತ್ತಿದ್ದ ಅಳತೆ ಅದೊಂದೇ! ಕಾಕಾ ನಿಟ್ಟುಸಿರಿಟ್ಟು, ತೆವಳುತ್ತಾ ಬಹಳ ಹತ್ತಿರಕ್ಕೆ ಹೋಗಿ, ಬಿದ್ದ ಮರದ ಮೇಲೆ ಬಂದೂಕು ಊರಿದರು. ಒಂದೇ ಗುಂಡು. ಕಡವೆ ನಿಂತಲ್ಲೇ ಕುಸಿಯಿತು.

ಕಾಕಾ ನಗಲಿಲ್ಲ. ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಕೂತರು.

ಮಾಂಸ ಹೊತ್ತು ವಾಪಸಾಗುವಾಗ ನಾನು ಹಿಂದೆ ನಡೆಯುತ್ತಿದ್ದೆ. ಅವರು ನಿಂತರು.

"ಬಲಗಡೆ ಬಾರವಾ. ಆ ಕಡೆ ಯಾರರ ಅದಾರೋ ಇಲ್ಲೋ ನನಗ ತಿಳಿಯೂದಿಲ್ಲ. ಮನ್ಯಾಗ ಒಬ್ಬನ ಇದ್ದಾಗೂ ಒಮ್ಮೊಮ್ಮೆ ಹೊಳ್ಳಿ ನೋಡತೀನಿ."

ನಾನು ಬಲಗಡೆಗೆ ಹೋಗಿ ತೋಳು ಹಿಡಿದುಕೊಂಡೆ. ಕಾರು ಸಿಗುವವರೆಗೆ ಬಾಯಿಗೆ ಬಂದದ್ದನ್ನೆಲ್ಲ ಮಾತಾಡುತ್ತಲೇ ಇದ್ದೆ.