ಫ್ರಾನ್ಸಿನ ಎಂಜಲು

ನನಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಕುದುರೆ ಜೂಜಿಲ್ಲ. ಇವೆಲ್ಲ ಇರುವವರನ್ನು ಕಂಡರೆ ನನ್ನ ಹೆಂಡತಿ ಸರೋಜಳಿಗೆ ಈಚೆಗೆ ಸ್ವಲ್ಪ ಗೌರವವೇ ಬಂದಿದೆ. ಅವರ ಚಟ ಏನೆಂದು ನೆಂಟರಿಗೆ ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ನನ್ನದನ್ನು ಹೇಳಬೇಕಾದರೆ ಮೊದಲು ಕ್ಲಾರಿಯೊನೆಟ್ ಎಂದರೇನು ಎಂದು ವಿವರಿಸಬೇಕು, ಆಮೇಲೆ ಅದರ ತುದಿಯಲ್ಲಿ ಬಾಯಿಗಿಟ್ಟು ಊದುವ ಕರಿಯ ಮೌತ್‌ಪೀಸನ್ನು ವಿವರಿಸಬೇಕು, ಕೊನೆಗೆ ಅದರ ಮೇಲೆ ಕೊರೆದಿರುವ ಯಾರದೋ ಹೆಸರಿಗಾಗಿ ಒಬ್ಬ ಗುಮಾಸ್ತ ದೀಪಾವಳಿಯ ಬೋನಸ್ಸನ್ನು ಯಾಕೆ ಸುರಿದು ಬಂದ ಎಂಬುದನ್ನೂ ವಿವರಿಸಬೇಕು. ಅಷ್ಟು ಹೊತ್ತಿಗೆ ನೆಂಟರು ಕಾಫಿ ಮುಗಿಸಿ ಎದ್ದಿರುತ್ತಾರೆ.

ಎಂಬತ್ತರ ದಶಕದ ನಡುವೆ ನಾವು ಮುಂಬಯಿಯ ಮುಲುಂಡಿನಲ್ಲಿದ್ದೆವು. ಅಲ್ಲಿನ ಕನ್ನಡ ಸಂಘಕ್ಕೆ ವರ್ಷಕ್ಕೊಂದು ನಾಟಕ, ನಾಟಕಕ್ಕೆ ಮುಂಚೆ ನನ್ನ ಕ್ಲಾರಿಯೊನೆಟ್. ನಾಟಕದವರು ಬಣ್ಣ ಹಚ್ಚಿಕೊಂಡು ಮುಗಿಸುವವರೆಗೆ ಜನ ಎದ್ದು ಹೋಗದಂತೆ ಹಿಡಿದಿಡುವುದು ನನ್ನ ಕೆಲಸ. ಹಿಂದಿನ ವರ್ಷ ಮೋಹನ ರಾಗದ ನಟ್ಟನಡುವೆ ವಾದ್ಯ ಕೀಚೆಂದು ಕಿರುಚಿ, ಮೊದಲನೆಯ ಸಾಲಿನಲ್ಲಿ ತಾಯಿಯ ತೊಡೆಯ ಮೇಲೆ ಮಲಗಿದ್ದ ಕೂಸು ಬೆಚ್ಚಿಬಿದ್ದು ಅತ್ತಿತ್ತು. ಆಮೇಲೆ ಇಡೀ ವರ್ಷ ಸ್ಟೇಷನ್ನಿನಲ್ಲಿ ಸಿಕ್ಕ ಕನ್ನಡಿಗರೆಲ್ಲ ಮೊದಲು ಆ ಕೂಸಿನ ಯೋಗಕ್ಷೇಮ ಹೇಳಿಯೇ ಮಾತು ಶುರುಮಾಡುತ್ತಿದ್ದರು. ಈ ವರ್ಷ ಮತ್ತೆ ಕಿರುಚಿದರೆ ನಾನು ವಾದ್ಯವನ್ನು ಅಟ್ಟಕ್ಕೇರಿಸುವುದೆಂದು ಸರೋಜಳ ಮುಂದೆ ಒಪ್ಪಿಕೊಂಡಿದ್ದೆ. ತಪ್ಪು ಮೌತ್‌ಪೀಸಿನದು ಎಂದು ನನ್ನ ತೀರ್ಮಾನ. ನನ್ನದೂ ಇರಬಹುದು ಎಂಬ ಅಭಿಪ್ರಾಯ ಮನೆಯಲ್ಲಿತ್ತು.

ಗ್ರಾಂಟ್ ರೋಡ್ ಕಡೆಯ ಹಳೇ ಸಾಮಾನಿನ ಅಂಗಡಿಗಳ ಸಾಲಿನಲ್ಲಿ ಒಬ್ಬ ಚಾಚಾ ಇದ್ದ. ಒಡೆದ ಗ್ರಾಮಫೋನುಗಳ ನಡುವಿನಿಂದ ಒಂದು ಮಖಮಲ್ಲಿನ ಪೆಟ್ಟಿಗೆ ತೆಗೆದು, ಮುಚ್ಚಳವನ್ನು ಅರ್ಧ ಮಾತ್ರ ಎತ್ತಿದ. ಒಳಗೆ ಮೌತ್‌ಪೀಸ್; ಅದರ ಮೇಲೆ ಪ್ಯಾರಿಸ್ಸಿನ ಒಬ್ಬ ಮಹಾ ಪ್ರಸಿದ್ಧ ತಯಾರಕನ ಹೆಸರು, ಬಂಗಾರದ ಅಕ್ಷರಗಳಲ್ಲಿ. ಆ ಹೆಸರನ್ನು ಚಾಚಾ ಒಂದು ರೀತಿ ಉಚ್ಚರಿಸಿದ, ನಾನು ಇನ್ನೊಂದು ರೀತಿ. ಇಬ್ಬರದೂ ಸರಿಯಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದ್ದರಿಂದ ಭಕ್ತಿ ಇನ್ನಷ್ಟು ಹೆಚ್ಚಿತು. "ಸಾಬ್, ಯೇ ಬಜಾನೇ ಕಾ ನಹೀ, ಯೇ ತೋ ಖುದ್ ಬಜತಾ ಹೈ" ಎಂದ ಚಾಚಾ. ತಾನಾಗಿಯೇ ನುಡಿಯುವ ಮೌತ್‌ಪೀಸು! ನನಗೆ ಬೇಕಾಗಿದ್ದದ್ದೂ ಅದೇ. ಬೆಲೆಯನ್ನು ಇಲ್ಲಿ ಬರೆಯಲಾರೆ, ಸರೋಜ ಇದನ್ನು ಓದುತ್ತಾಳೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಪೆಟ್ಟಿಗೆಯನ್ನು ಅಂಗಿಯೊಳಗೆ ಇಟ್ಟುಕೊಂಡು, ಎರಡೂ ಕೈ ಅಡ್ಡ ಹಿಡಿದು ಮನೆಗೆ ತಂದೆ.

ಸರೋಜ ಬಂಗಾರದ ಅಕ್ಷರ ನೋಡಲಿಲ್ಲ. ತುದಿಯಲ್ಲಿದ್ದ ಹಲ್ಲಿನ ಗುರುತು ನೋಡಿದಳು.

"ಇದೇನ್ರೀ ಇದು, ಕಚ್ಚಿದ ಹಾಗಿದೆ?"

"ಹಿಂದೆ ಯಾರೋ ದೊಡ್ಡ ವಿದ್ವಾಂಸರು ನುಡಿಸಿರಬೇಕು ಕಣೆ. ಫ್ರಾನ್ಸಿನೋರು."

"ಅಂದ್ರೆ ಎಂಜಲು! ನಮ್ಮಮ್ಮನ ಲೋಟಾನೇ ಕಚ್ಚದೆ ಮೇಲಿಂದ ಸುರ್ಕೊಂಡು ಕುಡಿಯೋರು ನೀವು. ಯಾವನೋ ಫ್ರಾನ್ಸಿನೋನು ಚೀಪಿ ಬಿಟ್ಟಿದ್ದನ್ನ ಬಾಯಿಗಿಟ್ಕೋತೀರಾ?"

ನಿಜ ಹೇಳಬೇಕೆಂದರೆ ಆ ಕ್ಷಣದವರೆಗೆ ನನಗದು ಹೊಳೆದೇ ಇರಲಿಲ್ಲ. ಹೆಸರು ದೊಡ್ಡದಾದರೆ ಎಂಜಲು ಪ್ರಸಾದವಾಗುತ್ತದೆ ಎಂದು ವಾದಿಸಬಹುದಿತ್ತು, ಧೈರ್ಯ ಬರಲಿಲ್ಲ.

ನಾಟಕದ ಹಿಂದಿನ ದಿನ ಮೃದಂಗದವರನ್ನು ಗೊತ್ತುಮಾಡಲು ಆಂಟಾಪ್ ಹಿಲ್‌ಗೆ ಹೋಗಿ ವಾಪಸು ಬಂದಾಗ, ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆಯೇ ಸುಟ್ಟ ರಬ್ಬರಿನ ಗಬ್ಬು ವಾಸನೆ ಹೊಡೆಯಿತು. ಒಳಗೆ ಸರೋಜ ಬಹಳ ಸಂತೋಷದಲ್ಲಿದ್ದಳು.

"ಹುಣಸೆಹಣ್ಣು ಹಾಕಿ ಚೆನ್ನಾಗಿ ತಿಕ್ಕಿ, ಆಮೇಲೆ ಸಾರಿನ ಪಾತ್ರೇಲಿ ಕುದಿಸಿದೀನಿ. ಇನ್ನು ಧಾರಾಳವಾಗಿ ಬಾಯಿಗಿಟ್ಕೊಳ್ಳಿ."

ಮೌತ್‌ಪೀಸು ಗಟ್ಟಿ ರಬ್ಬರಿನದೆಂದು ಅವಳಿಗೆ ಯಾರು ಹೇಳಿದ್ದರು? ಕರಿಯ ಬಣ್ಣ ಹೋಗಿ ಸುಟ್ಟ ಬದನೆಕಾಯಿಯಂತಾಗಿತ್ತು. ತುದಿ ಸೊಟ್ಟಗಾಗಿತ್ತು. ಬಂಗಾರದ ಅಕ್ಷರಗಳು ಹುಣಸೆಹಣ್ಣಿನ ಜೊತೆ ಮೋರಿಗೆ ಹೋಗಿದ್ದವು. ನನಗೆ ಅಳುವೇ ಬಂತು. ನನ್ನ ಮುಖ ನೋಡಿ ಅವಳೂ ಕಣ್ಣೊರೆಸಿಕೊಂಡಳು. "ನಾಳೆ ನೀವು ಚೆನ್ನಾಗಿ ನುಡಿಸ್ಲಿ ಅಂತಲೇ ಮಾಡಿದ್ದು" ಎಂದಳು. ಬೈಯುವ ದಾರಿಯೂ ಮುಚ್ಚಿತು.

ಮರುದಿನ ಹಳೆಯ ಮೌತ್‌ಪೀಸನ್ನೇ ಸಿಕ್ಕಿಸಿಕೊಂಡು ವೇದಿಕೆ ಹತ್ತಿದೆ. ಸಂಘದ ಕಾರ್ಯದರ್ಶಿ, ಸ್ಟೇಷನ್ ಎದುರು ಹೋಟೆಲಿಟ್ಟಿದ್ದ ಶೆಟ್ಟರು, ನಾನು ಬಾಯಿಬಿಡುವ ಮೊದಲೇ ಮೈಕು ಹಿಡಿದು, ಈ ಸಲ ಸಾಕ್ಷಾತ್ ಪ್ಯಾರಿಸ್ಸಿನ ಮೌತ್‌ಪೀಸು ಬಂದಿದೆಯೆಂದು ಸಾರಿಬಿಟ್ಟರು. ಹಿಂದಿನ ವಾರ ಅವರ ಗಲ್ಲಾದ ಬಳಿ ನಿಂತು ಜಂಬ ಕೊಚ್ಚಿಕೊಂಡವನು ನಾನೇ. ಮೊದಲನೆಯ ಸಾಲಿನಲ್ಲಿ ಅದೇ ಕೂಸು, ಒಂದು ವರ್ಷ ದೊಡ್ಡದಾಗಿ, ಮತ್ತೆ ಮಲಗಿತ್ತು. ಅದನ್ನು ನೋಡುತ್ತಲೇ ಹೆದರಿ ಹೆದರಿ ಮೆಲ್ಲಗೆ ಊದಿದೆ. ಮೋಹನ ಮುಗಿಯಿತು. ವಾದ್ಯ ಕಿರುಚಲಿಲ್ಲ, ಕೂಸು ಏಳಲಿಲ್ಲ. ಚಪ್ಪಾಳೆಗೆ ಎದ್ದಿತು, ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲ.

ಶೆಟ್ಟರು ಓಡಿಬಂದು ಕೈ ಹಿಡಿದುಕೊಂಡರು. "ಎಂಥ ಸ್ವರ ಮಾರಾಯ್ರೆ! ಫಾರಿನ್ ಅಂದ್ರೆ ಫಾರಿನ್. ಆ ಹಳತ್ತರಲ್ಲಿ ಇದು ಬರ್ಲಿಕ್ಕುಂಟಾ?"

ಪಕ್ಕದಲ್ಲಿದ್ದ ಸರೋಜ ನನ್ನ ಮುಖ ನೋಡಿದಳು. ರಿಕ್ಷಾದಲ್ಲಿ ಕೂತ ಮೇಲೆ ಕೇಳಿದಳು: "ಹಳೇದರಲ್ಲೇ ಬಂತಲ್ಲ. ಇನ್ನಾದ್ರೂ ಆ ಹೆಸರಿನ ಹುಚ್ಚು ಬಿಡ್ತೀರಾ?"

"ಬಿಟ್ಟೆ" ಎಂದೆ. ಮನಸ್ಸಿನಿಂದಲೇ ಅಂದದ್ದು. ಗಾಳಿ ತಣ್ಣಗಿತ್ತು, ನಾನು ಗೆದ್ದಿದ್ದೆ, ಗೆದ್ದವನಿಗೆ ಏನು ಬೇಕಾದರೂ ಬಿಡುವ ಉದಾರತೆ ಇರುತ್ತದೆ.

ಮುಂದಿನ ಶನಿವಾರ ಆಫೀಸು ಮುಗಿಸಿ ಸುಮ್ಮನೆ ಗ್ರಾಂಟ್ ರೋಡ್ ಕಡೆ ನಡೆದೆ, ಕೊಳ್ಳಲಿಕ್ಕಲ್ಲ. ಚಾಚಾ ಇನ್ನೊಂದು ಪೆಟ್ಟಿಗೆಯ ಮುಚ್ಚಳವನ್ನು ಅರ್ಧ ಎತ್ತಿದ. ಮೌತ್‌ಪೀಸಿಗೆ ಬಿದಿರಿನ ಚಕ್ಕೆಯಂಥ ರೀಡನ್ನು ಬಿಗಿಯುವ ಪುಟ್ಟ ಲೋಹದ ಪಟ್ಟಿ. ಅದರ ಮೇಲೆ ಅದೇ ಹೆಸರು. ಬೆಲೆ ಕೇಳಲಿಲ್ಲ, ನಿಜವಾಗಿ ಪ್ಯಾರಿಸ್ಸಿನದೇ ಎಂದೂ ಕೇಳಲಿಲ್ಲ. ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಒಂದೇ ಒಂದು ಮಾತು ಕೇಳಿದೆ:

"ಚಾಚಾ, ಇಸಕೋ ಉಬಾಲೇ ತೋ ಚಲೇಗಾ?"

ಕುದಿಸಿದರೂ ಏನೂ ಆಗುವುದಿಲ್ಲವೆಂದು ಚಾಚಾ ಆಣೆಯಿಟ್ಟು ಹೇಳಿದ.