ಭಾಷಣಕ್ಕೆ ತಕ್ಕ ಅಂಕಿ

ಅವತ್ತಿನ ರಂಪಕ್ಕೆಲ್ಲ ಮೂಲ ಒಂದು ಖಾಲಿ ಖಾನೆ. ದೇಶದ ವರ್ಷದ ಉತ್ಪತ್ತಿ ಲೆಕ್ಕ ಹಾಕುವ ಕಚೇರಿಯ ಗುಮಾಸ್ತ ಅಂಕಿಯಪ್ಪ ಪಟ್ಟಿಯನ್ನೆಲ್ಲ ತುಂಬಿದ್ದ. ಹೆಂಡತಿಯ ಊರಿನ ಕಬ್ಬಿಣದ ಗಣಿಯ ಎದುರು ಮಾತ್ರ ಏನೂ ಬರೆದಿರಲಿಲ್ಲ. ಬರೆಯುವುದಾದರೂ ಏನು, ಮಣ್ಣು? ಗಣಿಗೆ ನೀರು ನುಗ್ಗಿ ಹತ್ತು ತಿಂಗಳಾಗಿತ್ತು.

ಹೆಂಡತಿ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಆರು ವರ್ಷದಿಂದ ಶನಿವಾರ ಬಸ್ಸು ಹತ್ತಿ ಹೋಗಿ, ಭಾನುವಾರ ಬಸ್ಸು ಹತ್ತಿ ಬಂದು, ಪಾಪ, ಅವನ ಸೊಂಟ ಸವೆದುಹೋಗಿತ್ತು. ಆ ಊರಿನ ಹಿಂದುಳಿದ ಪ್ರದೇಶ ಅಭಿವೃದ್ಧಿ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿ ಇತ್ತು. ವರ್ಗಾವಣೆ ಅರ್ಜಿ ಸಾಹೇಬರ ಮೇಜಿನ ಮೇಲಿತ್ತು. ಸಹಿಯೊಂದು ಬಾಕಿ.

ಬೆಳಿಗ್ಗೆಯೇ ಸಾಹೇಬರು ಕರೆದರು.

"ಮಧ್ಯಾಹ್ನ ಮಂತ್ರಿಗಳು ಬಜೆಟ್ ಓದ್ತಾರೆ. ಭಾಷಣ ಅಚ್ಚಾಗಿದೆ, ಬೆಳವಣಿಗೆ ಶೇಕಡಾ ಏಳು ಅಂತ. ನಿಮ್ಮ ಲೆಕ್ಕ ನಾಲ್ಕೂವರೆ ಅನ್ನುತ್ತೆ. ಈಗ ಯಾವುದನ್ನ ತಿದ್ದೋದು ಸುಲಭ, ನೀವೇ ಹೇಳಿ."

"ಸಾರ್, ದೇಶ ಬೆಳೆದಿರೋದೇ ಅಷ್ಟು..."

"ಏಳು ತನ್ನಿ, ಸಹಿ ಹಾಕ್ತೀನಿ."

ಹೊರಗೆ ಬಂದರೆ ಇಡೀ ಕಚೇರಿ ಅವನ ಮೇಜಿನ ಸುತ್ತ. ಬಿಟ್ಟಿ ಸಲಹೆಗೆ ಬರಗಾಲವುಂಟೇ?

"ಮೀನು ಹಾಕಯ್ಯಾ," ಎಂದರು ಹೆಡ್ ಗುಮಾಸ್ತರು. "ಸಮುದ್ರಕ್ಕೆ ಇಳಿದು ಎಣಿಸಿದವರು ಯಾರಿದಾರೆ?"

ಮೀನು ಮೂರುಪಟ್ಟಾಯಿತು. ಬೆಳವಣಿಗೆ ಐದು ದಾಟಿತು.

"ಮರ ಹೆಚ್ಚಿಸಪ್ಪ," ಎಂದಳು ಟೈಪಿಸ್ಟ್ ಅಕ್ಕ. ಹೆಚ್ಚಿಸಿ ನೋಡಿದರೆ, ಕಡಿದ ಮರ ಇದ್ದ ಕಾಡಿಗಿಂತ ಜಾಸ್ತಿಯಾಯಿತು. ತೆಪ್ಪಗೆ ಅಳಿಸಿದ.

ಹನ್ನೊಂದೂವರೆಯಾಯಿತು. ಉಳಿದದ್ದು ಗಣಿಯ ಖಾನೆ. ಹೆಡ್ ಗುಮಾಸ್ತರು ಅದರ ಮೇಲೆ ಬೆರಳಿಟ್ಟರು.

"ಅಯ್ಯೋ, ಅಲ್ಲಿ ಎಮ್ಮೆ ಈಜ್ತಾ ಇವೆ ಸಾರ್! ಹೋದ ವಾರ ಕಣ್ಣಾರೆ ನೋಡಿದೀನಿ."

"ಅಲ್ಲಯ್ಯಾ, ನಾಳೆ ಯಾರಾದ್ರೂ ಕೇಳ್ಕೊಂಡು ಆ ಊರಿಗೆ ಬಂದ್ರೆ, ಅಲ್ಲಿನ ಕಚೇರೀಲಿ ಕೂತಿರೋನು ಯಾರು? ನೀನೇ ತಾನೆ! ಏನೋ ಒಂದು ಹೇಳಿ ಸಾಗಹಾಕು."

ಅಂಕಿಯಪ್ಪನಿಗೆ ನಿಜವಾಗಿ ಸಾಕಾಗಿತ್ತು. ಬಸ್ಸು ಸಾಕು, ಒಬ್ಬನೇ ಬೇಯಿಸಿಕೊಂಡು ತಿನ್ನುವುದು ಸಾಕು. ಕಣ್ಣು ಮುಚ್ಚಿ ಖಾನೆ ತುಂಬಿದ. ಎಮ್ಮೆಗಳ ಕೆಳಗಿನಿಂದ ಲಕ್ಷಾಂತರ ಟನ್ ಅದಿರು ಎದ್ದು ಬಂತು. ಒಟ್ಟು ಸರಿಯಾಗಿ ಶೇಕಡಾ ಏಳು. ಸಾಹೇಬರು ಆಡಿದ ಮಾತಿಗೆ ತಪ್ಪಲಿಲ್ಲ, ಸಹಿ ಬಿತ್ತು.

"ಬರ್ತಾ ಇದೀನಿ ಕಣೇ, ಪೂರ್ತಿಯಾಗಿ!" ಎಂದು ಹೆಂಡತಿಗೆ ಫೋನು ಮಾಡಿದ. ಆ ಕಡೆಯಿಂದ ಅಳುವೋ ನಗುವೋ ಕೇಳಿಸಿತು.

ಮಧ್ಯಾಹ್ನ ಎಲ್ಲರೂ ಟೀವಿ ಮುಂದೆ ಕೂತರು. ಮಂತ್ರಿಗಳು ಶೇಕಡಾ ಏಳು ಎಂದಾಗ ಕಚೇರಿಯೇ ಚಪ್ಪಾಳೆ ತಟ್ಟಿತು. ಆಮೇಲೆ ಅವರು ಒಂದು ಚೀಟಿ ಬಿಡಿಸಿದರು. ಗಣಿಯಿಂದ ಸಂಪತ್ತು ಉಕ್ಕುತ್ತಿರುವ ಆ ಊರು ಇನ್ನು ಹಿಂದುಳಿದ ಪ್ರದೇಶವಲ್ಲ, ದುಂದು ತಪ್ಪಿಸಲು ಅಲ್ಲಿನ ಅಭಿವೃದ್ಧಿ ಕಚೇರಿಯನ್ನು ಇಂದಿನಿಂದಲೇ ಮುಚ್ಚಲಾಗಿದೆ ಎಂದು ಓದಿದರು.

ಅಂಕಿಯಪ್ಪ ಸಾಹೇಬರ ಕೋಣೆಗೆ ಓಡಿದ. "ಸಾರ್, ಅಲ್ಲಿ ಗಣಿ ಇಲ್ಲ ಸಾರ್! ಎಮ್ಮೆ ಇದೆ!"

"ನಿಮ್ಮ ಪಟ್ಟಿ ನೋಡಿಯೇ ಹಣಕಾಸಿನವರು ಕೊನೇ ಗಳಿಗೇಲಿ ಸೇರಿಸಿದ್ದಂತೆ," ಎಂದರು ಸಾಹೇಬರು, ಅವರಿಗೂ ಪಾಪ ಅನ್ನಿಸಿತ್ತು. "ಸದನದಲ್ಲಿ ಓದಿದ ಮೇಲೆ ಅದೇ ನಿಜ. ಹೋಗಿ, ಕೂತ್ಕೊಳ್ಳಿ."

ಬಂದು ಕೂತ. ಫೋನು ಬಡಿದುಕೊಂಡಿತು. ಹೆಂಡತಿ.

"ರೀ, ಕೇಳಿದ್ರಾ? ನಮ್ಮೂರು ಉದ್ಧಾರ ಆಗಿದೆಯಂತೆ! ಇಲ್ಲಿ ಇಷ್ಟು ನರ್ಸುಗಳು ಬೇಡ, ಹಿಂದುಳಿದ ಕಡೆ ಹೋಗಿ ಅಂತ ಈಗಷ್ಟೇ ಆರ್ಡರ್ ಬಂತು. ಇನ್ನೂ ನೂರು ಮೈಲಿ ಆಚೆ ಹಾಕಿದಾರೆ, ಅಲ್ಲಿಗೆ ಬಸ್ಸೂ ಇಲ್ಲ. ಯಾವ ಹಾಳಾದವನು ಇದನ್ನ ಬರೆದನೋ, ಅವನ ಕೈ ಬಿದ್ದುಹೋಗ!"

ಅಂಕಿಯಪ್ಪ ಫೋನನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ.

"ಬಿಡೇ," ಎಂದ. "ಯಾರೋ ಬಡಪಾಯಿ ಇರ್ಬೇಕು."